ಎರೆ ಹೊಲಕ್ಕೂ ಪರಊರಿಗೂ ಒಂದೇ ಸೈಕಲ್ಲು

ನಮ್ಮದು ರೋಣ ತಾಲೂಕಿನ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಹೊಲ ಊರಿಂದ 6 ಕಿ.ಮೀ. ಕಡಲೆ ಹೂ ಕಟ್ಟುವಾಗ ಕಾಯಿಕೊರಕ ಬಂತೋ ಹೇಗೆ ಅಂತ ಎರಡು ದಿನಕ್ಕೊಮ್ಮೆಯಾದರೂ ಸಾಲಿನಲ್ಲಿ ಕೂತು ನೋಡಬೇಕು. ಮೊಣಕಾಲು ನೋವಿನಿಂದ ಹಳೇ ಸೈಕಲ್ಲು ತುಳಿಯಲು ಆಗದೆ, ಹೊಲ ಲಾವಣಿಗೆ ಕೊಡೋಣ ಅನ್ನುವ ಮಾತು ಮನೆಯಲ್ಲಿ ಎದ್ದಿತ್ತು. ಆಗ ಬೆಂಗಳೂರಿನಲ್ಲಿರುವ ತಂಗಿಯ ಮಗ ತನ್ನ ಸೈಕ್ಲೋಕ್ರಾಸ್ ಸೈಕಲ್ಲು ತಂದುಕೊಟ್ಟ. ಮೂರು ವರ್ಷದಿಂದ ಬಳಸುತ್ತಿದ್ದೇನೆ.

ಸೈಕ್ಲೋಕ್ರಾಸ್ ಎಂದರೆ ಯುರೋಪಿನ ಕೆಸರುಗದ್ದೆಯಂಥ ಜಾಗದಲ್ಲಿ ಚಳಿಗಾಲಕ್ಕೆ ನಡೆಯುವ ಸೈಕಲ್ ಪಂದ್ಯ. ಫ್ರಾನ್ಸಿನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಪಂದ್ಯ ಆಗಿತ್ತು. ತುಳಿಯಲಾಗದ ಕಡೆ ಸವಾರ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಾನೆ. ನಮ್ಮ ಎರೆಗೆ ಬೇಕಾದ್ದೂ ಅದೇ. ಹಸಿ ಎರೆಯಲ್ಲಿ ಯಾವ ಸೈಕಲ್ಲೂ ಉರುಳುವುದಿಲ್ಲ, ಇದೂ ಅಷ್ಟೇ. ಆದರೆ ನನ್ನದು 10 ಕಿಲೋ ತೂಕ. ಹಳೆಯದು ಅದರ ದುಪ್ಪಟ್ಟು. ಹಳ್ಳದ ದಂಡೆಯಿಂದ ಬದುವಿನವರೆಗೆ ಹೊತ್ತು ನಡೆಯುತ್ತೇನೆ. ಟೈರಿಗೂ ಫ್ರೇಮಿಗೂ ನಡುವೆ ಬೆರಳು ಹೋಗುವಷ್ಟು ಸಂದು ಇರುವುದರಿಂದ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯಬಹುದು. ಮಳೆಗಾಲದಲ್ಲಿ ಮಡ್‌ಗಾರ್ಡ್ ಬಿಚ್ಚಿಡಿ. ಮಣ್ಣು ಕಚ್ಚುವುದೇ ಅಲ್ಲಿ.

ಮೊಣಕಾಲಿನ ಲೆಕ್ಕ ಗೇರಿನಲ್ಲಿದೆ. ಹಳೇ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲ್ ಒಂದು ಸುತ್ತಿಗೆ ಸುಮಾರು 5.5 ಮೀಟರ್ ಮುಂದೆ ಹೋಗುತ್ತದೆ. ಇದರ ಹಗುರ ಗೇರಿನಲ್ಲಿ ಮುಂದೆ 36, ಹಿಂದೆ 28. ಒಂದು ಸುತ್ತಿಗೆ 2.75 ಮೀಟರ್ ಅಷ್ಟೇ. ನಿಧಾನ, ಆದರೆ ಕಾಲಿಗೆ ಭಾರ ಅರ್ಧ. ಏರಿನಲ್ಲಿ ಎದ್ದು ನಿಂತು ತುಳಿಯುವುದು ತಪ್ಪಿತು. ಹೊಲ ಈಗಲೂ ನನ್ನ ಕೈಯಲ್ಲೇ ಇದೆ.

ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಬಾಗಿದೆ. ಕಟ್ಟೆ ಮೇಲೆ ಕೂತವರು ಮೊದಲ ತಿಂಗಳು ನಕ್ಕರು, ನಗಲಿ. ಎದುರುಗಾಳಿಗೆ ಕೆಳಗೆ ಹಿಡಿದು ಬಗ್ಗಬಹುದು, ಬೇಸತ್ತರೆ ಮೇಲೆ ಹಿಡಿಯಬಹುದು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಇದರಲ್ಲೇ ಹೋಗಿ, ಒಂದು ರಾತ್ರಿ ಇದ್ದು ಬಂದೆ. ಕ್ಯಾರಿಯರ್ ಮೇಲೆ ಕಂಬಳಿ, ಎರಡು ಹೊತ್ತಿನ ಬುತ್ತಿ, ನೀರು. ಎಲ್ಲ ಸೇರಿ 10 ಕಿಲೋ ದಾಟಿಸಬೇಡಿ. ಗೊಬ್ಬರದ ಚೀಲ ಹೇರುವುದಿದ್ದರೆ ಹಳೇ ಸೈಕಲ್ಲೇ ಸರಿ.

ತೊಂದರೆಯೂ ಇದೆ. ಇದರ ವಾಲ್ವ್ ಸಣ್ಣದು, ನಮ್ಮ ಅಂಗಡಿ ಪಂಪು ಕೂಡುವುದಿಲ್ಲ. ಹಿತ್ತಾಳೆಯ ಸಣ್ಣ ಟೊಪ್ಪಿಗೆ ಸಿಗುತ್ತದೆ; ಹಾಕಿದರೆ ಮೋಟಾರ್ ಸೈಕಲ್ಲಿಗೆ ಹವಾ ಹೊಡೆಯುವಲ್ಲೇ ಹೊಡೆಸಬಹುದು. ಒಂದು ಸದಾ ಕಿಸೆಯಲ್ಲಿರಲಿ. ಹೊಲಕ್ಕೆ ಹವಾ ಸ್ವಲ್ಪ ಕಡಿಮೆ, ಡಾಂಬರಿಗೆ ಗಟ್ಟಿ. ಟೈರು ಕೊಳ್ಳುವಾಗ ಹುಷಾರು: ಹಳೇ ಸೈಕಲ್ಲಿನದಕ್ಕೂ 28 ಇಂಚು ಅನ್ನುತ್ತಾರೆ, ಇದಕ್ಕೂ ಕೆಲವರು 28 ಅನ್ನುತ್ತಾರೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಬದಿಯಲ್ಲಿ ಸಣ್ಣಗೆ ಬರೆದಿರುವುದನ್ನು ನೋಡಿ. ಹಳೆಯದಕ್ಕೆ 635, ಇದಕ್ಕೆ 622. ಜಾಲಿಮುಳ್ಳಿಗೆ ಮಾತ್ರ ಎರಡೂ ಒಂದೇ.

ದುಡ್ಡು ಕೊಟ್ಟು ಹೊಸದು ತನ್ನಿ ಎಂದು ನಾನು ಹೇಳಲಾರೆ, ಬೆಲೆ ಬಹಳ. ಹಳೇ ಸೈಕಲ್ಲಿದ್ದು ಕಾಲು ನೋವಿರುವವರು ಹಿಂದಿನ 18ರ ಫ್ರೀವೀಲ್ ತೆಗೆಸಿ 22 ಹಲ್ಲಿನದು ಸಿಕ್ಕರೆ ಹಾಕಿಸಿ ನೋಡಿ. ಒಂದು ಸುತ್ತಿಗೆ 4.5 ಮೀಟರಿಗೆ ಇಳಿಯುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು.