ಹಿಂದಿರುಗುವ ನೀರು, ಹಿಂದಿರುಗದ ದೋಣಿ

ನಾನು ಗೋಕಾಕ ಫಾಲ್ಸಿನವನು. ನಮ್ಮಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಬೀಳುತ್ತದೆ. ಬಿದ್ದ ನೀರು ತಿರುಗಿ ಬಂದದ್ದನ್ನು ಕಂಡವರಿಲ್ಲ. ಅಲ್ಲಿಂದ ಕಡಲಜೀವಶಾಸ್ತ್ರ ಓದಲು ಕಾರವಾರದ ಕೋಡಿಬಾಗಕ್ಕೆ ಹೋದೆ. ಕರ್ನಾಟಕ ವಿಶ್ವವಿದ್ಯಾಲಯದ ಆ ವಿಭಾಗ ಕಾಳಿ ನದಿಯ ಅಳಿವೆಗೆ ಅಂಟಿಕೊಂಡೇ ಇದೆ. ಮುಂದೆ ಸಂಶೋಧನೆಯ ಸಣ್ಣ ದೋಣಿಗಳಲ್ಲೇ ಹಲವು ವರ್ಷ ಕಳೆದೆ: ಇಪ್ಪತ್ತಡಿ ಫೈಬರ್, ಹಿಂದೊಂದು ಔಟ್‌ಬೋರ್ಡ್ ಎಂಜಿನ್, ತಲೆಗೆ ನೆರಳಿಲ್ಲ. ಅಲ್ಲಿ ಕಲಿತದ್ದನ್ನು ಮುಂದೆ ದೋಣಿ ಹತ್ತುವವರಿಗಾಗಿ ಬರೆದಿಡುತ್ತಿದ್ದೇನೆ.

1. ಮೊದಲು ಪಂಚಾಂಗ, ಆಮೇಲೆ ಟೈಮ್‌ಟೇಬಲ್. ಮೊದಲ ಸಲ ನಾನೇ ಹೊತ್ತು ಗೊತ್ತುಮಾಡಿ ಹೊರಟಾಗ ಸದಾಶಿವಗಡದ ಸೇತುವೆ ದಾಟಿ ಸ್ವಲ್ಪದರಲ್ಲೇ ದೋಣಿ ಮರಳುದಿಬ್ಬದ ಮೇಲೆ ಕೂತಿತು. ದೋಣಿ ನಡೆಸುವ ತಂಡೇಲ ಬೀಡಿ ಹಚ್ಚಿ, “ಸಾರ್, ನಿನ್ನೆ ಅಮಾಸೆ ಅಲ್ವಾ?” ಎಂದ. ನೀರು ಪೂರ್ತಿ ಇಳಿಯಲು ಇನ್ನೂ ಒಂದೂವರೆ ತಾಸು, ಮತ್ತೆ ಅಷ್ಟೇ ಏರಲು ಇನ್ನೊಂದೂವರೆ. ಮೂರು ತಾಸು ಬಿಸಿಲಲ್ಲಿ ಕೂತು ಕಲಿತದ್ದಿಷ್ಟು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಎರಡೂ ಸಣ್ಣವು. ದಿನಕ್ಕೆ ಸುಮಾರು 50 ನಿಮಿಷದಂತೆ ಹೊತ್ತು ಮುಂದಕ್ಕೆ ಸರಿಯುತ್ತದೆ. ಸೋಮವಾರ ಬೆಳಿಗ್ಗೆ ಸಿಕ್ಕ ನೀರು ಮುಂದಿನ ಸೋಮವಾರ ಅದೇ ಗಳಿಗೆಗೆ ಸಿಗುವುದಿಲ್ಲ. ಇದು ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತು. ಎಂ.ಎಸ್ಸಿ. ಮಾಡಿದ ನನಗೆ ಪುಸ್ತಕದಲ್ಲಷ್ಟೇ ಗೊತ್ತಿತ್ತು.

2. ಮೇಲಿನ ನೀರು ಕೆಳಗಿನದ್ದರ ಸುದ್ದಿ ಹೇಳುವುದಿಲ್ಲ. ಮಳೆಗಾಲದಲ್ಲಿ ಕಾಳಿಯ ಸಿಹಿನೀರು ಹಗುರಾಗಿ ಮೇಲೆ ಹರಿದುಹೋಗುತ್ತಿದ್ದರೆ, ಭಾರದ ಉಪ್ಪುನೀರು ತಳಕ್ಕೆ ತೂರಿಕೊಂಡು ಒಳಗೆ ಬರುತ್ತಿರುತ್ತದೆ. ಒಂದೇ ಜಾಗ, ಎರಡು ನದಿ. ಬಕೆಟ್ಟಿನಲ್ಲಿ ಮೊಗೆದು ತಂದ ನನ್ನ ಮೊದಲ ವರ್ಷದ ಉಪ್ಪಿನ ಲೆಕ್ಕವನ್ನೆಲ್ಲ ನಾನೇ ಹರಿದು ಹಾಕಿದೆ. ತಳಕ್ಕಿಳಿದು ಅಲ್ಲೇ ಬಾಯಿ ಮುಚ್ಚಿಕೊಳ್ಳುವ ನಿಸ್ಕಿನ್ ಬಾಟಲಿ ಬೇಕು. ಅದರ ಜೊತೆಗೆ ಮೇಲೆ ಕದ್ರಾ ಅಣೆಕಟ್ಟಿನಲ್ಲಿ ಏನು ನಡೆದಿದೆ ಎಂದು ವಿಚಾರಿಸಬೇಕು. ವಿದ್ಯುತ್ತಿಗಾಗಿ ಬಿಟ್ಟ ನೀರು ಬೇಸಿಗೆಯಲ್ಲೂ ಅಳಿವೆಯ ಉಪ್ಪನ್ನು ತೆಳುವಾಗಿಸುತ್ತದೆ.

3. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ದೋಣಿಯಲ್ಲೇ ಕಟ್ಟಿಹಾಕಿ. ಬಾಟಲಿಗೆ ತುಂಬಿದ ನೀರಿಗೆ ಎರಡು ದ್ರಾವಣ ಹಾಕಿ, ಗುಳ್ಳೆ ಉಳಿಯದಂತೆ ಬಿರಡೆ ಒತ್ತಿ, ಕಂದು ಗಷ್ಟು ಕೂರುವುದನ್ನು ನೋಡಿ. ದಡಕ್ಕೆ ಹೋಗಿ ಮಾಡೋಣ ಎಂದವರು ತಂದದ್ದು ಬರೀ ನೀರು.

4. ಕೆಸರು ಕಚ್ಚಿ ತರುವ ಗ್ರ್ಯಾಬಿಗೆ ಕೆಸರು ಯಾವುದು, ಬೆರಳು ಯಾವುದು ತಿಳಿಯದು.

5. ಎಂಜಿನ್ ಹಿಂದೆ ಸಣ್ಣ ಧಾರೆಯಾಗಿ ಚಿಮ್ಮುವ ನೀರಿನ ಮೇಲೆ ಒಂದು ಕಣ್ಣಿರಲಿ. ಅದು ನಿಂತರೆ ತಂಪುಗೊಳಿಸುವ ನೀರಿನ ದಾರಿ ಕಟ್ಟಿದೆ ಎಂದರ್ಥ. ಕಾರಣ ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲ. ದಡಕ್ಕೆ ಬಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ. ದಣಿದ ಸಂಜೆ ಇದನ್ನು ಬಿಟ್ಟರೆ ಉಪ್ಪು ಮರೆಯುವುದಿಲ್ಲ.

6. “ಇನ್ನೊಬ್ಬರು ಕೂರಬಹುದು” ಎನ್ನುವವರಿಗೆ ದೋಣಿ ಕೊಡಬೇಡಿ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದೆದುರೇ ಮಗುಚಿ 16 ಜನ ಹೋದರು. ನಮ್ಮದರಲ್ಲಿ ಆರು ಜನಕ್ಕೆ ಜಾಗ. ಗ್ರ್ಯಾಬ್, ಐಸ್ ಪೆಟ್ಟಿಗೆ, ಬಾಟಲಿ ಕ್ರೇಟುಗಳನ್ನು ನಾನು ಒಬ್ಬ ಆಳೆಂದೇ ಲೆಕ್ಕ ಹಾಕುತ್ತಿದ್ದೆ. ಮನೆಮಂದಿಯೊಂದಿಗೆ ಬಂದ ಹಿರಿಯರೊಬ್ಬರನ್ನು ದಡದಲ್ಲೇ ನಿಲ್ಲಿಸಿದ್ದಕ್ಕೆ ಅವರು ಬಹಳ ದಿನ ಮುಖ ತಿರುಗಿಸಿಕೊಂಡೇ ಇದ್ದರು. ಇರಲಿ.

7. ಜೂನ್, ಜುಲೈ ದೋಣಿಯನ್ನು ಮೇಲೆಳೆದು ಮಗುಚಿ ಹಾಕಿ. ಯಾಂತ್ರಿಕ ಮೀನುಗಾರಿಕೆಗೆ ಆಗ 61 ದಿನ ನಿಷೇಧ. ನಾವು ಮೀನು ಹಿಡಿಯುವವರಲ್ಲ, ನಿಜ. ಆದರೆ ಅಳಿವೆ ಬಾಯಲ್ಲಿ ಒಡೆಯುವ ತೆರೆ ಯಾರು ಏನೆಂದು ಕೇಳುವುದಿಲ್ಲ.

ಆ ತಿಂಗಳುಗಳಲ್ಲೇ ನಾನು ಊರಿಗೆ ಬರುತ್ತಿದ್ದದ್ದು. ಒಮ್ಮೆ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತು, ಕೆಂಪಗೆ ಬೀಳುತ್ತಿದ್ದ ನೀರನ್ನು ನೋಡುತ್ತ, ಅಭ್ಯಾಸಬಲದಿಂದ ಗಡಿಯಾರ ನೋಡಿ “ಇದು ಎಷ್ಟೊತ್ತಿಗೆ ಇಳೀತದ?” ಎಂದೆ. ಪಕ್ಕದಲ್ಲಿದ್ದ ಕಾಕಾ ನನ್ನ ಮುಖ ನೋಡಿದರು. “ಮ್ಯಾಲ ಹಿಡಕಲ್ ಡ್ಯಾಮಿನಾಗ ಗೇಟ್ ಹಾಕಿದ ಮ್ಯಾಲ.”