ಪಿ.ಡಿ.ಎಫ್. ಕಡತದ ಭಾರ ಇಳಿಸುವ ಬಗೆ

ಬೆಳೆ ವಿಮೆಯಿರಲಿ, ಸಹಾಯಧನವಿರಲಿ, ಈಗ ದಾಖಲೆಗಳನ್ನು ಪಿ.ಡಿ.ಎಫ್. ರೂಪದಲ್ಲಿ ಕಳುಹಿಸಬೇಕಾಗಿ ಬರುತ್ತದೆ. ಆರ್.ಟಿ.ಸಿ., ಪಾಸ್‌ಪುಸ್ತಕ, ಆಧಾರ್ ಎಲ್ಲವನ್ನೂ ಹೊಂದಿಸಿಕೊಂಡು ಶಿರ್ತಾಡಿ ಪೇಟೆಗೆ ಬಂದ ಬೆಳೆಗಾರರು ಕೊನೆಯ ದಿನದ ಸಂಜೆ 'ಕಡತ ದೊಡ್ಡದಾಯಿತು' ಎಂಬ ಒಂದೇ ಕಾರಣಕ್ಕೆ ಬರಿಗೈಯಲ್ಲಿ ಹಿಂದಿರುಗುವುದುಂಟು. ಆ ವರ್ಷ ಮಳೆ ಹೆಚ್ಚಿ ತೋಟಕ್ಕೆ ಕೊಳೆರೋಗ ಬಂದರೆ ನಷ್ಟ ಯಾರದೆಂದು ಹೇಳಬೇಕಾಗಿಲ್ಲ. ಆದುದರಿಂದ ಈ ವಿಷಯವನ್ನು ನಾವು ಸ್ವಲ್ಪ ತಿಳಿದುಕೊಳ್ಳುವುದು ಲೇಸು.

ಭಾರ ಬರುವುದೆಲ್ಲಿಂದ?

ಕಂಪ್ಯೂಟರಿನಲ್ಲೇ ಬೆರಳಚ್ಚು ಮಾಡಿದ ಕಡತದಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ; ಅದು ಹಗುರ. ಸ್ಕ್ಯಾನ್ ಮಾಡಿದ ಕಡತ ಹಾಗಲ್ಲ, ಅದರ ಪ್ರತಿ ಪುಟವೂ ಒಂದು ಚಿತ್ರ. ಎ-4 ಹಾಳೆಯೊಂದನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದಲ್ಲಾದರೆ, ಅಡಕಗೊಳಿಸುವ ಮುಂಚೆ, ಇದು ಸುಮಾರು 26 ಎಂ.ಬಿ. ಬೂದು ಛಾಯೆಯಲ್ಲಿ ಅದರ ಮೂರರಲ್ಲೊಂದು ಪಾಲು. ಚುಕ್ಕೆಗಳನ್ನು 150ಕ್ಕೆ ಇಳಿಸಿದರೆ ಮತ್ತೆ ಅದರ ಕಾಲು ಪಾಲು, ಅಂದರೆ ಸುಮಾರು 2.2 ಎಂ.ಬಿ. ಮಾತ್ರ. ಹಣ್ಣಡಿಕೆ ಒಣಗಿ ಸುಲಿದಾಗ ತೂಕ ಇಳಿದರೂ ಒಳಗಿನ ಅಡಿಕೆ ಉಳಿಯುವಂತೆಯೇ ಇದು.

ಮಾಡಬೇಕಾದುದು

1. ಸ್ಕ್ಯಾನ್ ಮಾಡುವಾಗಲೇ ಬೂದು ಛಾಯೆ, 150 ಚುಕ್ಕೆ ಎಂದು ಹೇಳಿರಿ. ಅಕ್ಷರ ತೀರಾ ಸಣ್ಣದಿದ್ದರೆ 200 ಇರಲಿ.

2. ಮೊಬೈಲಿನಲ್ಲಿ ತೆಗೆದ ಚಿತ್ರವಾದರೆ ಸುತ್ತಲಿನ ಮೇಜು, ನೆಲ ಕತ್ತರಿಸಿ ತೆಗೆಯಿರಿ. ಬೇಡದ ಪುಟಗಳನ್ನು ಸೇರಿಸಬೇಡಿ.

3. ಕಡತ ಆಗಲೇ ಸಿದ್ಧವಾಗಿದ್ದರೆ, ಘೋಸ್ಟ್‌ಸ್ಕ್ರಿಪ್ಟ್‌ನಂತಹ ಉಚಿತ ತಂತ್ರಾಂಶದಿಂದ ಸ್ವಂತ ಕಂಪ್ಯೂಟರಿನಲ್ಲೇ ಇಳಿಸಬಹುದು. ಅದರ 'ಇ-ಬುಕ್' ಮಟ್ಟ ಚಿತ್ರಗಳನ್ನು 150 ಚುಕ್ಕೆಗೆ ತರುತ್ತದೆ. 'ಸ್ಕ್ರೀನ್' ಮಟ್ಟ 72ಕ್ಕೆ ಇಳಿಸುವುದರಿಂದ ದಾಖಲೆಗಳಿಗೆ ಹೇಳಿಸಿದ್ದಲ್ಲ.

4. ಜಿಪ್ ಮಾಡುವುದರಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಒಳಗಿನ ಚಿತ್ರಗಳು ಸಾಮಾನ್ಯವಾಗಿ ಮೊದಲೇ ಅಡಕಗೊಂಡಿರುತ್ತವೆ.

ಎಚ್ಚರಿಕೆ

ಡಿಜಿಟಲ್ ಸಹಿಯಿರುವ ಕಡತವನ್ನು ಇಳಿಸಲು ಹೋಗಬೇಡಿ. ಹೊಸದಾಗಿ ಬರೆದೊಡನೆ ಸಹಿಯ ಸಿಂಧುತ್ವ ಹೋಗುತ್ತದೆ. ಇಳಿಸಿದ್ದನ್ನೇ ಮತ್ತೆ ಮತ್ತೆ ಇಳಿಸಿದರೆ ಅಕ್ಷರ ಮಸುಕಾಗಿ 3 ಯಾವುದು, 8 ಯಾವುದು ತಿಳಿಯದು. ಮೂಲ ಕಡತವನ್ನು ಬೇರೆಯಾಗಿ ಕಾದಿರಿಸಿ, ಪ್ರತಿ ಸಲವೂ ಅದರಿಂದಲೇ ಇಳಿಸತಕ್ಕದ್ದು. ಗುರುತು ಪರಿಚಯವಿಲ್ಲದ ಅಂತರ್ಜಾಲ ತಾಣಗಳಿಗೆ ಆಧಾರ್, ಪಾಸ್‌ಪುಸ್ತಕಗಳನ್ನು ಏರಿಸುವುದೆಂದರೆ ಮನೆಯ ಬೀಗದ ಕೈ ದಾರಿಹೋಕನಿಗೆ ಕೊಟ್ಟಂತೆ.

ಕಳುಹಿಸುವ ಮುನ್ನ ಕಡತವನ್ನು ತೆರೆದು, ಸರ್ವೆ ನಂಬ್ರ, ಹೆಸರು, ಖಾತೆ ಸಂಖ್ಯೆ ಈ ಮೂರನ್ನು ಓದಿ ನೋಡಿರಿ. ಓದಲಾಗದ ಹಗುರ ಕಡತಕ್ಕಿಂತ ಕೊಂಚ ಭಾರವಾದದ್ದೇ ಮೇಲು. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ದಿನದವರೆಗೆ ಕಾಯದೆ ಒಂದು ವಾರ ಮೊದಲೇ ಈ ಕೆಲಸ ಮುಗಿಸಿಕೊಳ್ಳೋಣ.