ಆಟ ಕಟ್ಟುವ ಕೆಲಸ ಮಕ್ಕಳಿಗೇ ಬಿಡಿ

ನಾವು ಹೇಳಿಕೊಟ್ಟ ಆಟಕ್ಕೆ ಹಿಂದೆ ಸರಿಯುವ ಮಗು, ತಾನೇ ಕಟ್ಟಿದ ಆಟದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತದೆ. ಹಿರಿಯ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕನಾಗಿ ನಾನು ಕಂಡುಕೊಂಡ ದೊಡ್ಡ ಸತ್ಯ ಇದು. ಆಟದ ಪೀರಿಯಡ್ಡಿನಲ್ಲಿ ಮಕ್ಕಳಿಂದಲೇ ಆಟ ಕಟ್ಟಿಸಬೇಕೆನ್ನುವ ಸಹೋದ್ಯೋಗಿಗಳಿಗಾಗಿ ಈ ಪಾಠಗಳು.

1. ಬರೀ ಬಯಲು ಸಾಲದು, ಗಡಿಯನ್ನೂ ಕೊಡಿ.
"ಏನಾದ್ರೂ ಹೊಸ ಆಟ ಆಡ್ರಪ್ಪ" ಎಂದರೆ ಕೆಲವರು ಕ್ರಿಕೆಟ್ ಶುರುಮಾಡುತ್ತಾರೆ, ಉಳಿದವರು ಮರದ ನೆರಳು ಸೇರುತ್ತಾರೆ. ಐದಾರು ಮಕ್ಕಳ ಗುಂಪಿಗೆ ಎರಡು ರಿಂಗು, ಒಂದು ಟೆನಿಸ್ ಬಾಲು, ನಾಲ್ಕು ಹೆಂಚಿನ ಚೂರು ಕೊಡಿ. ಷರತ್ತು ಮೂರೇ: ಸುಣ್ಣದ ಗೆರೆ ದಾಟಬಾರದು, ಯಾರಿಗೂ ಪೆಟ್ಟಾಗಬಾರದು, ಯಾರೂ ಸುಮ್ಮನೆ ನಿಲ್ಲಬಾರದು.

2. ಹಳೆಯ ಆಟದ ಒಂದೇ ನಿಯಮ ಬದಲಿಸಲಿ.
ಗೊತ್ತಿರುವ ಆಟದಿಂದಲೇ ಹೊಸದು ಚಿಗುರುತ್ತದೆ. ಲಗೋರಿಯ ಏಳು ಕಲ್ಲನ್ನು ಮೂರು ಕಡೆ ಪೇರಿಸಿದರೆ? ಕುಂಟೆಬಿಲ್ಲೆಯನ್ನು ಇಬ್ಬರು ಕೈಹಿಡಿದು ಆಡಿದರೆ? 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು ಬಾಸ್ಕೆಟ್‌ಬಾಲ್ ಕಟ್ಟಿದ್ದೂ ಬಾಲ್ಯದಲ್ಲಿ ಆಡಿದ್ದ ಕಲ್ಲೆಸೆತದ ಆಟವೊಂದನ್ನು ನೆನೆದೇ. ಎರಡು ಪೀಚ್ ಹಣ್ಣಿನ ಬುಟ್ಟಿ, ಒಂದು ಫುಟ್‌ಬಾಲು, 13 ನಿಯಮ, ಇಷ್ಟೇ ಬಂಡವಾಳ. ಚೆಂಡು ಹಿಡಿದು ಓಡುವಂತಿಲ್ಲ ಎಂದು ಅವರು ಬರೆದರು. ಪುಟಿಸುತ್ತ ಓಡುವ ಉಪಾಯವನ್ನು ಆಡುವವರು ಆಮೇಲೆ ಕಂಡುಕೊಂಡರು.

3. ಮಾತು ಕಡಿಮೆ, ಓಟ ಬೇಗ.
ಕೂತು ಚರ್ಚಿಸಿದರೆ ಪೀರಿಯಡ್ಡೇ ಮುಗಿಯುತ್ತದೆ, ನಡೆಯುವುದೂ ಮಾತುಗಾರರದೇ. ಐದು ನಿಮಿಷಕ್ಕೆ ಸೀಟಿ ಊದಿ. ಆಡುವಾಗಲೇ ಲೋಪ ಕಾಣುತ್ತದೆ. ನಿಲ್ಲಿಸಿ, ಸರಿಪಡಿಸಿಕೊಂಡು, ಮತ್ತೆ ಆಡಲಿ.

4. ಔಟಾದವರಿಗೆ ವಾಪಸ್ ಬರುವ ದಾರಿ ಇರಲಿ.
5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರೇರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮೊದಲು ಔಟಾಗಿ ಕೂರುವುದು ನಿಧಾನವಾಗಿ ಓಡುವ ಮಗು. ಓಟ ಹೆಚ್ಚು ಬೇಕಾದದ್ದೂ ಅದಕ್ಕೇ. "ಔಟಾದವರು ಒಳಗೆ ಬರೋದು ಹೇಗೆ?" ಎಂದಷ್ಟೇ ಕೇಳಿ. ಬೇವಿನ ಮರ ಸುತ್ತಿ ಬರಲಿ, ಹತ್ತು ಸಲ ಸ್ಕಿಪ್ಪಿಂಗ್ ಆಡಲಿ ಎಂದು ಅವರೇ ದಾರಿ ಹುಡುಕುತ್ತಾರೆ.

5. ಜಗಳಕ್ಕೆ ತಕ್ಷಣ ತೀರ್ಪು ಕೊಡಬೇಡಿ.
"ಸಾರ್, ಅವ್ನು ಮೋಸ ಮಾಡ್ದ" ಎಂದು ಓಡಿಬಂದರೆ, "ಹಾಗಾದ್ರೆ ಯಾವ ನಿಯಮ ಬೇಕು, ನೀವೇ ಹೇಳ್ರಪ್ಪ" ಎಂದು ಮರಳಿ ಕಳಿಸಿ. ತಾವೇ ಒಪ್ಪಿದ ನಿಯಮಕ್ಕೆ ಮಕ್ಕಳು ಕಾವಲು ನಿಲ್ಲುತ್ತಾರೆ. ಆದರೆ ಪೆಟ್ಟಾಗುವಂತಿದ್ದರೆ, ಒಬ್ಬರನ್ನೇ ಗುರಿ ಮಾಡುತ್ತಿದ್ದರೆ, ಕೂಡಲೇ ಆಟ ನಿಲ್ಲಿಸಿ.

6. ಯಾರೂ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಆಗಬಾರದು.
ಕಾಲಿನ ತೊಂದರೆ ಇರುವ ಮಗುವಿಗೆ ಪಾಯಿಂಟ್ ಬರೆಯುವ ಕೆಲಸ ಕೊಡುವುದು ಸುಲಭ, ಅದು ಆಟವಲ್ಲ. ಆ ಮಗುವೂ ಪಾಯಿಂಟ್ ಗಳಿಸುವಂತೆ ನಿಯಮ ಕಟ್ಟಿ ಎಂದು ಗುಂಪಿಗೆ ಹೇಳಿ. ಎಲ್ಲರೂ ಕೂತೇ ಸರಿದಾಡಿ ಚೆಂಡು ಉರುಳಿಸುವ, ತೋಳು ಸೋಲುವಷ್ಟು ದಣಿಸುವ ಆಟವನ್ನು ಮಕ್ಕಳು ಕಟ್ಟಬಲ್ಲರು.

7. ಹೆಸರಿಡಲಿ, ಬರೆಯಲಿ, ಕಲಿಸಲಿ.
ಆರನೇ ತರಗತಿಯವರು ಒಂದು ಪುಟದಲ್ಲಿ ಬರೆದ ನಿಯಮ ಓದಿ ನಾಲ್ಕನೇ ತರಗತಿಯವರು ಆಡುವಂತಾದರೆ ಆ ಆಟ ಗಟ್ಟಿ. ಹಾಗೆ ಕಲಿಸಲು ನಿಲ್ಲುವವರಲ್ಲಿ ಯಾವ ಪಂದ್ಯಕ್ಕೂ ಆಯ್ಕೆಯಾಗದ ಮಕ್ಕಳಿರುತ್ತಾರೆ. ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೋಗುವವರು ಕೆಲವರೇ. ಆಟದ ಪೀರಿಯಡ್ಡು ಶಾಲೆಯ ಪ್ರತಿ ಮಗುವಿನದು.